ಅರ್ಧ ಕೋಳಿಯ ಒಡತಿ

ಆರಿಸಿಕೊಳ್ಳುವ ಕೆಲಸ ನನಗೆ ಒಗ್ಗಿದ್ದಲ್ಲ. ನಿಪ್ಪಾಣಿಯ ಸೀರೆ ಅಂಗಡಿಯಲ್ಲಿ ಇಡೀ ಕಪಾಟನ್ನು ಕೆಳಗಿಳಿಸಿ, ಅಂಗಡಿಯವನ ಮುಖ ಬಾಡತೊಡಗಿದ ಮೇಲೆ, ಮೊಟ್ಟಮೊದಲು ತೋರಿಸಿದ ಸೀರೆಯನ್ನೇ ಕಟ್ಟಿಸಿಕೊಂಡು ಬಂದವಳು ನಾನು. ಬಸ್ಸು ಹತ್ತಿ ಕೂತ ಮೇಲೆ ಎರಡನೆಯದೇ ಚೆನ್ನಾಗಿತ್ತು ಅನ್ನಿಸುತ್ತದೆ. ಮದುವೆಯ ವಿಷಯದಲ್ಲೂ ಹೀಗೇ ಆರಿಸುತ್ತ ಆರಿಸುತ್ತ ಒಬ್ಬಳೇ ಉಳಿದಳು ಎಂದು ಅಥಣಿಯಲ್ಲಿರುವ ನನ್ನ ಅಣ್ಣ ಸಿಕ್ಕವರಿಗೆಲ್ಲ ಹೇಳುತ್ತಾನೆ. ಅಲ್ಲಿ ಆರಿಸಲು ಕಪಾಟಿನ ತುಂಬ ಏನೂ ಇರಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇಂಥ ನಾನು, ಹಿತ್ತಲಲ್ಲಿ ಸಾಕಲು ಯಾವ ಜಾತಿಯ ಕೋಳಿ ತರಬೇಕು ಎಂದು ಒಂಬತ್ತು ತಿಂಗಳು ಯೋಚಿಸಿದೆ. ಒಂಬತ್ತು ತಿಂಗಳೆಂದರೆ ಎಷ್ಟು ಕಾಲ, ಅಷ್ಟರಲ್ಲಿ ಏನೇನು ಆಗಿಬಿಡುತ್ತದೆ ಎಂಬುದು ಆ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ನಾನು ಅಲ್ಲಿಯ ನರ್ಸಬಾಯಿ.

ಊರು ರಾಯಬಾಗ ತಾಲೂಕಿನ ಪಾಲಬಾವಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆರೋಗ್ಯ ಉಪಕೇಂದ್ರದ ಹಿಂದೆ ನನಗೆಂದು ಎರಡು ಖೋಲಿಯ ಮನೆ, ಅದರ ಹಿಂದೆ ಒಂದು ಬೇವಿನ ಗಿಡ, ಗಿಡದ ಸುತ್ತ ಕಟ್ಟೆ, ಕಟ್ಟೆಯ ಆಚೆ ಎದೆಮಟ್ಟದ ಗೋಡೆ. ಆ ಊರಿನ ಎಷ್ಟೋ ಕೂಸುಗಳು ಭೂಮಿಗೆ ಬಂದು ಮೊದಲು ನೋಡಿದ್ದು ನನ್ನ ಮುಖವನ್ನು. ಅದರ ಪರಿಣಾಮವೋ ಏನೋ, ನಡೆಯಲು ಕಲಿತ ಕೂಡಲೇ ಅವು ನನ್ನನ್ನು ಕಂಡು ಓಡುತ್ತಿದ್ದವು. ಉಣ್ಣಲು ಹಟ ಮಾಡುವ ಮಕ್ಕಳಿಗೆ ಬೇರೆ ಊರಿನ ತಾಯಂದಿರು ಗುಮ್ಮನನ್ನು ಕರೆಯುತ್ತಾರೆ. ಪಾಲಬಾವಿಯವರು, "ಉಣ್ಣಲೇ, ಇಲ್ಲಂದ್ರ ನರ್ಸಬಾಯಿ ಬಂದು ಸೂಜಿ ಚುಚ್ಚತಾಳ ನೋಡು" ಎನ್ನುತ್ತಿದ್ದರು. ದೊಡ್ಡವರ ಹೆದರಿಕೆ ಬೇರೆ. ಇಷ್ಟು ಜನರಿಗೆ ಮಕ್ಕಳಾಗದ ಆಪರೇಶನ್ ಮಾಡಿಸಲೇಬೇಕು ಎಂದು ಆಗ ನಮಗೆ ಮೇಲಿನಿಂದ ಗುರಿ ಹಾಕಿಕೊಡುತ್ತಿದ್ದರು. ನನ್ನ ಕೊಡೆ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಎರಡು ಮಕ್ಕಳಿದ್ದ ಮನೆಗಳ ಬಾಗಿಲು ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತಿದ್ದವು. ಮೂರು ಮಕ್ಕಳಿದ್ದವರು ಹಿತ್ತಲ ಬಾಗಿಲಿನಿಂದ ಕಬ್ಬಿನ ಹೊಲ ಸೇರುತ್ತಿದ್ದರು.

ಹಾಗೆಂದು ಜನ ಕೆಟ್ಟವರಲ್ಲ. ನೋವು ಕಾಣಿಸಿಕೊಂಡರೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಕೈಮುಗಿದು ಕರೆದೊಯ್ಯುತ್ತಿದ್ದರು. ಕೂಸು ಅತ್ತಿತೋ, ಎಲ್ಲರ ಕಣ್ಣು ಅದರ ಮೇಲೆ. ನಾನು ಕೈ ತೊಳೆದುಕೊಂಡು ಚೀಲ ತೆಗೆದುಕೊಂಡು ಹೊರಟಿದ್ದು ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸವಿಲ್ಲದೆ ಸುಮ್ಮನೆ ಬಂದು, ಕಟ್ಟೆಯ ಮೇಲೆ ಕೂತು, "ಏನ ಅಡಗಿ ಮಾಡೀರಿ ಬಾಯಾರ?" ಎಂದು ಕೇಳಿದವರು ಮೂರು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಸಂಜೆ ಸ್ಟೋವಿನ ಸದ್ದು ನಿಂತ ಮೇಲೆ ಮನೆಯಲ್ಲಿ ರೇಡಿಯೋ ಒಂದೇ ಮಾತನಾಡುತ್ತಿತ್ತು. ಒಂದು ದಿನ ವಾರ್ತೆ ಓದುವವರು ನಮಸ್ಕಾರ ಅಂದಾಗ ನಾನೂ ರೊಟ್ಟಿ ಬಡಿಯುತ್ತ ನಮಸ್ಕಾರ ಅಂದೆ. ಮರುದಿನವೂ ಅಂದೆ. ಮೂರನೆಯ ದಿನ ಅವರಿಗಿಂತ ಮೊದಲೇ ಅಂದುಬಿಟ್ಟೆ. ಆಗ ನನಗೆ ದಿಗಿಲಾಯಿತು. ಹೀಗೇ ಬಿಟ್ಟರೆ ಇವಳು ಕೆಟ್ಟಳು ಎಂದುಕೊಂಡು, ಜೀವ ಇರುವುದು ಏನಾದರೂ ಮನೆಯಲ್ಲಿ ಓಡಾಡಲಿ ಎಂದು ಕೋಳಿ ಸಾಕುವ ನಿರ್ಧಾರ ಮಾಡಿದೆ. ಕೇಳಿದವರಿಗೆ ಮಾತ್ರ, ಬಸುರಿಯರಿಗೆ ತತ್ತಿ ತಿನ್ನಿ ಎಂದು ಹೇಳುವವಳು ನಾನೇ ಸಾಕಿ ತೋರಿಸಬೇಡವೇ ಎಂದು ದೊಡ್ಡ ಕಾರಣ ಹೇಳಿದೆ.

ಮೊದಲು ಹೋಗಿದ್ದು ಹಾರೂಗೇರಿಯ ದನದ ದವಾಖಾನೆಗೆ. ಅಲ್ಲಿಯ ಕಂಪೌಂಡರ್ ಒಳ್ಳೆಯ ಮನುಷ್ಯ. ಅಂಗೈಯಗಲದ ಒಂದು ಪುಸ್ತಿಕೆ ತೆಗೆದು ನನಗೆ ಪಾಠ ಮಾಡಿದ. ಬಿಳಿ ಲೆಗಾರ್ನ್ ಕೋಳಿ ತತ್ತಿ ಇಡುವುದರಲ್ಲಿ ಎಲ್ಲಕ್ಕಿಂತ ಮುಂದೆ, ಆದರೆ ಪುಕ್ಕಲು, ಮನುಷ್ಯರ ನೆರಳು ಕಂಡರೆ ಹಾರುತ್ತದೆ. ಕೆಂಪು ಕೋಳಿ ತುಸು ಕಡಿಮೆ ಇಡುತ್ತದೆ, ಮೈ ತುಂಬಿಕೊಂಡು ಗಂಭೀರವಾಗಿರುತ್ತದೆ. ಬೆಂಗಳೂರಿನ ಕಡೆ ಗಿರಿರಾಜ ಎಂದು ಹೊಸದೊಂದು ಬಂದಿದೆಯಂತೆ, ಆಳೆತ್ತರ ಬೆಳೆಯುತ್ತದೆಂದು ಜನ ಹೇಳುತ್ತಾರೆ, ತಾನು ನೋಡಿಲ್ಲ. ಇನ್ನು ನಮ್ಮ ಜವಾರಿ ಕೋಳಿ, ಇಡುವುದು ಸ್ವಲ್ಪ, ಕಾವಿಗೆ ಕೂಡುವುದು ಬಹಳ. ನಾನು ಎಲ್ಲ ಕೇಳಿಕೊಂಡು, "ಕರೆದರ ಬರೂದು ಯಾವ್ದರಿ? ಸಂಜೀಕ ಹತ್ತರ ಬಂದು ಕೂಡೂವಂಥಾದ್ದು?" ಎಂದು ಕೇಳಿದೆ. ಅವನು ಪುಸ್ತಿಕೆಯನ್ನು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕಿದ. "ಬಾಯಾರ, ಇದರಾಗ ತತ್ತಿದಷ್ಟ ಬರದಾರ್ರಿ. ಹತ್ತರ ಬಂದು ಕೂಡ್ತಾವೋ ಇಲ್ಲೋ, ಬರದಿಲ್ರಿ" ಅಂದ. ನಾನು ಯೋಚಿಸಿ ಹೇಳುತ್ತೇನೆಂದು ಬಸ್ಸು ಹತ್ತಿದೆ.

ಆ ಬಸ್ಸಿನಲ್ಲಿ ಯಾರು ಕೇಳಿಸಿಕೊಂಡರೋ, ನಾನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನ ಮಧ್ಯಾಹ್ನ ಗೋಡೆಯ ಆಚೆಯ ಮನೆಯ ತಂಗೆವ್ವ ಬಂದಳು. ಕುರಿ, ಆಡು, ಕೋಳಿಗಳ ನಡುವೆಯೇ ಕೂದಲು ಬೆಳ್ಳಗಾದ ಮುದುಕಿ. ಮೂರು ವರ್ಷದಲ್ಲಿ ನನ್ನ ಮನೆಗೆ ಒಂದು ಸಲವೂ ಕಾಲಿಟ್ಟವಳಲ್ಲ. ಕರೆಯುವ ಮೊದಲೇ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿ, "ಬಾಯಾರ, ಕೋಳಿ ಸಾಕ್ತೀರಂತ ಹೌದೇನ್ರಿ?" ಎಂದು ಕೇಳಿದಳು. ಹೌದು ಆಯಿ ಅಂದೆ. "ಆ ಬಿಳೀವು ಕೆಂಪನ್ವು ಏನೂ ಬ್ಯಾಡ್ರಿ. ಅವು ತತ್ತಿ ಇಟ್ಟು ಹೊಳ್ಳಿ ಸೈತ ನೋಡೂದಿಲ್ಲ. ಕೋಳಿ ಅಂದ್ರ ಜವಾರಿ. ಹದ್ದ ಬಂದ್ರ ಮೈಮ್ಯಾಲೆ ಹೋಗತೈತಿ" ಎಂದು ಹೇಳಿ, ಎರಡು ಕಪ್ಪು ಚಹಾ ಕುಡಿದು, ಸಂಜೆ ಆಡು ಹೊಡೆದುಕೊಂಡು ಬರುವ ಹೊತ್ತಾದಾಗ ಎದ್ದಳು. ಅವಳು ಹೋದ ಮೇಲೆ ಆ ಕಪ್ಪನ್ನು ನಾನು ಬೇಗ ತೊಳೆಯಲಿಲ್ಲ. ಅಲ್ಲೇ ಇರಲಿ ಅನ್ನಿಸಿತು.

ಮೂರನೆಯ ದಿನ ಮಾಲತಿಬಾಯಿ ಬಂದರು. ಅವರದು ಊರಿನಲ್ಲಿ ಕಬ್ಬಿನ ಹೊಲವಿದ್ದ ಮನೆ, ತವರು ದ್ರಾಕ್ಷಿ ತೋಟದವರದು, ಮಾತಿನಲ್ಲಿ ಅರ್ಧ ಮರಾಠಿ. ಅವರ ಮನೆಯಲ್ಲಿ ತತ್ತಿಯ ಹೆಸರು ತೆಗೆದರೂ ಅತ್ತೆಯವರು ಬಾಯಿ ಮುಕ್ಕಳಿಸುತ್ತಾರೆ. ಆದರೆ ತವರಿನ ನೆರೆಯವರು ಕೋಳಿ ಫಾರ್ಮ್ ಹಾಕಿದ್ದರಂತೆ, ಹಾಗಾಗಿ ಕೋಳಿಯ ವಿಷಯದಲ್ಲಿ ಮಾಲತಿಬಾಯಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. "ಅಹೋ ಬಾಯಿ, ಪಾಂಢರಿ ಕೋಂಬಡೀನ ತಗೋರಿ. ಬೆಳ್ಳಗ ಸ್ವಚ್ಛ ಇರತಾವ, ಅಂಗಳದಾಗ ಮಲ್ಲಿಗಿ ಚೆಲ್ಲಿದಂಗ ಕಾಣತಾವ" ಎಂದರು. ಕೋಳಿಯನ್ನು ಮುಟ್ಟದ, ತತ್ತಿಯನ್ನು ತಿನ್ನದ ಅವರು ಬಿಳಿ ಕೋಳಿಯ ಪರವಾಗಿ ಮಾಡಿದಷ್ಟು ವಾದವನ್ನು ಯಾವ ವಕೀಲರೂ ಮಾಡಲಾರರು. ತಂಗೆವ್ವನಿಗೆ ಇದು ಕೇಳಿಸಿತು, ಗೋಡೆ ಎದೆಮಟ್ಟದ್ದೇ ತಾನೇ. ಅವಳೂ ಎದ್ದು ಬಂದಳು. ಅಂದಿನಿಂದ ನನ್ನ ಕಟ್ಟೆಯ ಮೇಲೆ ಮಧ್ಯಾಹ್ನದ ಸಭೆ ಶುರುವಾಯಿತು.

ಸಭೆ ಬೆಳೆಯಿತು. ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದವರು ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದು, ತಮ್ಮ ಸೋದರಮಾವನ ಊರಿನ ಕೋಳಿಯ ಕಥೆ ಹೇಳಿದರು. ನಾನು ಹಾಲು ಹೆಚ್ಚು ಹಾಕಿಸಿಕೊಂಡೆ, ಆರು ಕಪ್ಪು ಹೊಸದಾಗಿ ತಂದೆ. ಇನ್ನೇನು ಜವಾರಿಯೇ ಸರಿ ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಒಪ್ಪಿದರೆ ಸಭೆ ಮುಗಿಯುತ್ತದೆ. "ಆದರೂ ಆ ಬಿಳೀವು..." ಎಂದು ನಾನೇ ಒಂದು ಮಾತು ತೇಲಿಬಿಟ್ಟೆ. ಮಾಲತಿಬಾಯಿ ಎದ್ದು ಕೂತರು. ಅವರು ಗೆಲ್ಲುತ್ತ ಬಂದಾಗ ಹದ್ದಿನ ಮಾತು ತೆಗೆದೆ. ಹದ್ದಿನಿಂದ ಬೆಕ್ಕಿಗೆ, ಬೆಕ್ಕಿನಿಂದ ಚಳಿಗಾಲಕ್ಕೆ, ಚಳಿಗಾಲದಿಂದ ಗಿರಿರಾಜನಿಗೆ, ಹೀಗೆ ಸೋಲುವವರ ಪಕ್ಷವನ್ನೇ ಹಿಡಿಯುತ್ತ ತಿಂಗಳುಗಟ್ಟಲೆ ನಡೆಸಿದೆ. ಊರಿನವರು ನನ್ನನ್ನು ಬಹಳ ವಿಚಾರವಂತೆ ಎಂದುಕೊಂಡರು. ನಾನು ಸುಳ್ಳಿ. ಆ ದಿನಗಳಲ್ಲಿ ಸಂಜೆ ರೇಡಿಯೋ ಹಚ್ಚುವುದನ್ನೂ ಮರೆಯುತ್ತಿದ್ದೆ.

ಇದರ ನಡುವೆ ಒಂದು ದಿನ ತಂಗೆವ್ವ ಒಬ್ಬಳೇ ಇದ್ದಾಗ, "ಇಷ್ಟ ಯಾಕ ತಲಿ ಕೆಡಿಸ್ಕೋತೀರ್ರಿ? ನಂದೊಂದು ಕರಿ ಕೋಳಿ ಐತಿ, ಪಾಲಿಗೆ ಕೊಡ್ತೀನಿ ತಗೋರಿ" ಅಂದಳು. ಪಾಲಿಗೆ ಸಾಕುವುದು ನಮ್ಮ ಕಡೆ ಹಳೆಯ ಪದ್ಧತಿ. ಆಡನ್ನೂ ಕೊಡುತ್ತಾರೆ, ಕೋಳಿಯನ್ನೂ ಕೊಡುತ್ತಾರೆ. ಕೋಳಿ ಕೊಟ್ಟವರದೇ ಆಗಿ ಉಳಿಯುತ್ತದೆ, ಕಾಳು ನೀರು ಹಾಕುವುದು ಸಾಕಿದವರ ಕೆಲಸ, ತತ್ತಿ ಸಾಕಿದವರಿಗೆ, ಮರಿಯಾದರೆ ಇಬ್ಬರಿಗೂ ಅರ್ಧರ್ಧ. ನನಗೆ ಯಾಕೋ ಅಭಿಮಾನ ಅಡ್ಡ ಬಂತು. ತಿಂಗಳಿಗೆ ಸಂಬಳ ಎಣಿಸುವ ಸರ್ಕಾರಿ ನೌಕರಿಯವಳು ಇನ್ನೊಬ್ಬರ ಕೋಳಿಯನ್ನು ಪಾಲಿಗೆ ಸಾಕುವುದೇ? "ಪಾಲು ಗೀಲು ಬ್ಯಾಡ ಆಯಿ, ನಾ ಸ್ವಂತದ್ದ ತಗೋತೀನಿ" ಅಂದೆ. ತಂಗೆವ್ವ, "ಹಂಗಾರ ಬಿಡ್ರಿ" ಎಂದು ಕಪ್ಪು ಕೆಳಗಿಟ್ಟು ಎದ್ದಳು. ನಾನು ಬಹಳ ಸ್ವಾಭಿಮಾನದ ಕೆಲಸ ಮಾಡಿದೆ ಎಂದುಕೊಂಡೆ.

ಒಂಬತ್ತನೆಯ ತಿಂಗಳಲ್ಲಿ ಹಾರೂಗೇರಿಯ ಕಂಪೌಂಡರ್ ಹೇಳಿ ಕಳಿಸಿದ. ಚಿಕ್ಕೋಡಿ ಕಡೆಯ ಒಂದು ಫಾರ್ಮಿನಿಂದ ಕೆಂಪು ಕೋಳಿಗಳು ಬಂದಿವೆ, ಸಾಧು ಸ್ವಭಾವದವು, ಬಾಯಾರಿಗೆಂದೇ ನಾಲ್ಕು ಎತ್ತಿಟ್ಟಿದ್ದೇನೆ ಎಂದು. ಈ ಮಾತನ್ನು ಅವನು ಕಳಿಸಿದ್ದು ತುಂಬಿದ ಸಭೆಗೆ. ಎಲ್ಲರೂ ನನ್ನ ಮುಖ ನೋಡಿದರು. ಅವನ ಒಳ್ಳೆಯತನವೇ ನನ್ನ ಕೊರಳಿಗೆ ಬಂತು. ಹೋಗಿ ತಂದೆ. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಸುತ್ತಲಿನವರೆಲ್ಲ ಬಗ್ಗಿ ನೋಡಿ ಮಾತನಾಡಿಸಿದರು, ಪಾಲಬಾವಿಯ ಸ್ಟಾಪ್ ಬರುವುದೇ ಬೇಡ ಅನ್ನಿಸಿತು. ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಾಲ್ಕನ್ನೂ ಬಿಡಿಸಿ ನೋಡಿದರು. ಚಲೋ ಅದಾವ ಎಂದರು. ಮಾಲತಿಬಾಯಿ, "ಬರಂ ಝಾಲಂ, ಚಲೋ ಆತು, ಒಮ್ಮಿ ಮುಗೀತು" ಎಂದು ಸೆರಗು ಝಾಡಿಸಿಕೊಂಡು ಹೊರಟರು. ಮರುದಿನ ಆರು ಕಪ್ಪು ತೊಳೆದಿಟ್ಟುಕೊಂಡು ಕಾದೆ. ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವರದೇನು ತಪ್ಪು? ಮಾತು ಮುಗಿದಿತ್ತು.

ಆ ಕೆಂಪು ಕೋಳಿಗಳ ಬಗ್ಗೆ ಒಂದು ಕೆಟ್ಟ ಮಾತು ಆಡಲಾರೆ. ನಾನು ಕೇಳಿದ್ದೆಲ್ಲ ಅವುಗಳಲ್ಲಿತ್ತು. ಕರೆದರೆ ಬರುತ್ತಿದ್ದವು, ಸಂಜೆ ಹತ್ತಿರ ಬಂದು ಕೂಡುತ್ತಿದ್ದವು, ಒಂದಂತೂ ಮಡಿಲು ಏರಿ ಕಣ್ಣು ಮುಚ್ಚುತ್ತಿತ್ತು. ನಾನು ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಖಾಲಿ ಕಟ್ಟೆಯನ್ನು ನೋಡುತ್ತ ಕೂಡುತ್ತಿದ್ದೆ. ತತ್ತಿಗಳಂತೂ ದಿನಕ್ಕೆ ಮೂರಕ್ಕೆ ಕಡಿಮೆಯಿಲ್ಲ. ಒಬ್ಬಳು ಎಷ್ಟು ತಿನ್ನಲಿ? ಬುಟ್ಟಿಗೆ ಹಾಕಿಕೊಂಡು ಮನೆಮನೆಗೆ ಕೊಡಲು ಹೊರಟೆ. ಅದು ಇನ್ನೂ ಕೆಟ್ಟಿತು. ಮೊದಲನೆಯ ಮನೆಯವಳು ಬಾಗಿಲು ಅರ್ಧ ತೆಗೆದು, ತತ್ತಿ ನೋಡಿ, ನನ್ನನ್ನು ನೋಡಿ, "ಬ್ಯಾಡ್ರಿ ಬಾಯಾರ, ನಮ್ಮನ್ಯಾರು ಆಪರೇಶನ್‌ಗೆ ಒಲ್ಲೆ ಅಂದಾರ್ರಿ" ಎಂದು ಬಾಗಿಲು ಹಾಕಿದಳು. ಎರಡನೆಯ ಓಣಿ ಸೇರುವ ಹೊತ್ತಿಗೆ, ನರ್ಸಬಾಯಿ ತತ್ತಿ ತಿನಿಸಿ ಆಪರೇಶನ್ನಿಗೆ ಕರೆದೊಯ್ಯುತ್ತಾಳೆ ಎಂಬ ಸುದ್ದಿ ನನಗಿಂತ ಮುಂದೆ ಹೋಗಿತ್ತು. ತುಂಬಿದ ಬುಟ್ಟಿ ತಿರುಗಿ ತಂದೆ. ಅಂದು ನನಗೆ ಅಳು ಬಂತು. ಸ್ಟೋವಿನ ಹೊಗೆ ಎಂದು ಹೇಳಿಕೊಳ್ಳಲೂ ಅಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಅತ್ತೆ.

ಮರುದಿನ ಚೀಲವಿಲ್ಲದೆ, ರಿಜಿಸ್ಟರ್ ಇಲ್ಲದೆ, ಬರಿಗೈಯಲ್ಲಿ ತಂಗೆವ್ವನ ಮನೆಗೆ ಹೋದೆ. ಆಡಿಗೆ ಸೊಪ್ಪು ಕಟ್ಟುತ್ತಿದ್ದಳು. "ಆಯಿ, ಆ ಕರಿ ಕೋಳಿ ಪಾಲಿಗೆ ಕೊಡ್ತೀಯೇನು?" ಎಂದು ಕೇಳಿದೆ.

"ನಿಮ್ಮ ಸ್ವಂತದ್ವು ನಾಕ ಅದಾವಲ್ರಿ?"

"ಅವು ನನ್ನವು. ಅದಕ್ಕ ಅವನ್ನ ನೋಡಾಕ ಯಾರೂ ಬರೂದಿಲ್ಲ."

ತಂಗೆವ್ವ ಸೊಪ್ಪಿನ ಕಟ್ಟು ಬಿಗಿದು ಮುಗಿಸಿದಳು. ಹಿತ್ತಲಿಗೆ ಹೋಗಿ, ಎರಡು ಕಾಲು ಕಟ್ಟಿದ ಕರಿ ಕೋಳಿಯನ್ನು ತಂದು ನನ್ನ ಕೈಯಲ್ಲಿ ಇಟ್ಟಳು. ಅದು ಇಟ್ಟ ಕೂಡಲೇ ನನ್ನ ಹೆಬ್ಬೆರಳಿಗೆ ಕುಕ್ಕಿತು.

ಸ್ನೇಹದ ಕೋಳಿಯನ್ನು ಹುಡುಕಿ ಒಂಬತ್ತು ತಿಂಗಳು ಕಳೆದವಳ ಪಾಲಿಗೆ ಬಂದದ್ದು ಇಂಥ ಪ್ರಾಣಿ. ಕಾಳು ಹಾಕಲು ಹೋದರೆ ಕೈ ಕುಕ್ಕುವುದು, ಹಾಕದಿದ್ದರೆ ಕಾಲು ಕುಕ್ಕುವುದು. ಪಾಪದ ಕೆಂಪು ಕೋಳಿಗಳು ಅದನ್ನು ಕಂಡು ಗೋಡೆಗೆ ಅಂಟಿ ನಡೆಯುತ್ತಿದ್ದವು. ವಾರಕ್ಕೊಂದು ತತ್ತಿ ಇಟ್ಟರೆ ದೊಡ್ಡದು, ಅದನ್ನೂ ಉಪಕೇಂದ್ರದ ಹತ್ತಿಯ ಡಬ್ಬಿಯಲ್ಲಿ ಇಡುತ್ತಿತ್ತು. ಆದರೆ ತಂದ ಮರುದಿನವೇ ಮಧ್ಯಾಹ್ನ ಗೋಡೆಯ ಆಚೆಯಿಂದ ತಂಗೆವ್ವ ಬಂದಳು. "ನನ್ನ ಕೋಳಿ ಹೆಂಗೈತಿ?" ಎಂದು ಕೇಳಿದಳು. ತನ್ನ ಕೋಳಿಯಲ್ಲವೇ, ನೋಡಲು ಬಂದಳು. ರೆಕ್ಕೆ ಎತ್ತಿ ನೋಡಿದಳು, ಕಾಳು ಮುಷ್ಟಿಯಲ್ಲಿ ಹಿಡಿದು ನೋಡಿದಳು. "ಇಷ್ಟ ನುಚ್ಚಿನಾಗ ಅದರ ಹೊಟ್ಟಿ ತುಂಬತೈತೇನ ಯವ್ವಾ? ನಿನಗ ಬುದ್ಧಿ ಐತೋ ಇಲ್ಲೋ?" ಎಂದು ಬೈದಳು. ಆ ಊರಿನಲ್ಲಿ ಅಲ್ಲಿಯವರೆಗೆ ನನ್ನನ್ನು ಯಾರೂ ಏಕವಚನದಲ್ಲಿ ಕರೆದಿರಲಿಲ್ಲ, ಬೈದೂ ಇರಲಿಲ್ಲ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಕರಿ ಕೋಳಿ ಕಾವಿಗೆ ಕೂತಾಗ ತಂಗೆವ್ವ ತನ್ನ ಮನೆಯ ತತ್ತಿ ತಂದು, ಬುಟ್ಟಿಗೆ ಬೂದಿ ಹಾಕಿ ಹುಲ್ಲು ಹಾಸಿ ಇಟ್ಟುಕೊಟ್ಟಳು. ಅಲ್ಲಿಂದ ಮೂರು ವಾರ ದಿನಾ ಬಂದಳು. ಪಾಲಿನ ಮರಿ ಹಂಚುವಾಗ ಮೂರನೆಯವರು ಇರಬೇಕೆಂಬ ರೂಢಿ, ಆದ್ದರಿಂದ ಮಾಲತಿಬಾಯಿಯೂ ಬಂದರು. ಬೇಕಾದ್ದಕ್ಕಿಂತ ಮೊದಲಿನಿಂದಲೇ ಬಂದರು. ಕಪ್ಪುಗಳು ಮತ್ತೆ ಹೊರಗೆ ಬಂದವು. ಹದ್ದು ಒಯ್ದದ್ದು ಬಿಟ್ಟು ಉಳಿದ ಮರಿ ಏಳು. ಅವು ತುಸು ಬಲಿತ ಮೇಲೆ ಹಂಚಿಕೆಗೆ ಕೂತೆವು. ತಂಗೆವ್ವನಿಗೆ ಮೂರು, ನನಗೆ ಮೂರು. ಉಳಿದ ಒಂದರ ಮೇಲೆ ಎರಡು ಮಧ್ಯಾಹ್ನ ವಾದ ನಡೆಯಿತು. ನೀನೇ ಇಟ್ಟುಕೋ ಎಂದು ನಾನು, ನೀ ಸಾಕಿದಾಕಿ ನೀ ಇಟ್ಕೋ ಎಂದು ಅವಳು. ಕೊನೆಗೆ ಮಾಲತಿಬಾಯಿ ತೀರ್ಪು ಕೊಟ್ಟರು. "ಅದು ಅರ್ಧ ಇವರದು, ಅರ್ಧ ಅವರದು. ಹಂಗ ಇರಲಿ." ಕೋಳಿ ಮುಟ್ಟದ ಅವರ ಬಾಯಿಂದ ಇಷ್ಟು ಒಳ್ಳೆಯ ತೀರ್ಪು ಬರುತ್ತದೆಂದು ನಾನು ಎಣಿಸಿರಲಿಲ್ಲ. ಆ ಅರ್ಧ ಕೋಳಿಯ ಹೆಸರಿನಲ್ಲಿ, ಅದರ ಮಕ್ಕಳು ಮೊಮ್ಮಕ್ಕಳ ಹೆಸರಿನಲ್ಲಿ, ವರ್ಷಗಟ್ಟಲೆ ನನ್ನ ಕಟ್ಟೆ ಖಾಲಿಯಾಗಲಿಲ್ಲ.

ಆಮೇಲೆ ವರ್ಗ ಬಂತು. ಕಾಗವಾಡದ ಕಡೆ, ಕೃಷ್ಣೆಯ ದಂಡೆಯ ಜುಗೂಳ. ಸಾಮಾನು ಕಟ್ಟುವ ದಿನ ತಂಗೆವ್ವ ಬಂದು ಪಾಲು ತೀರಿಸಿಕೊಂಡಳು. ನನ್ನ ಪಾಲಿನವನ್ನೂ ಕೆಂಪು ಕೋಳಿಗಳನ್ನೂ ಅವಳ ಹಿತ್ತಲಿಗೇ ಬಿಟ್ಟೆ. ಹಂಚಿಕೆಯಲ್ಲಿ ಒಂದು ಹ್ಯಾಟಿ ಉಳಿಯಿತು, ಇನ್ನೂ ತತ್ತಿಗೆ ಬರದ ಎಳೆಯ ಕೋಳಿ, ಅಜ್ಜಿಯ ಹಾಗೆ ಕರಿ, ಅಜ್ಜಿಯ ಹಾಗೆಯೇ ಕುಕ್ಕುವಂಥದ್ದು. "ಇದನ್ನ ಒಯ್ಯಿ. ಅರ್ಧ ನಂದು, ನೆನಪಿರಲಿ. ನೋಡಾಕ ಬರ್ತೀನಿ" ಅಂದಳು. ಬಂದಿಲ್ಲ. ಎರಡು ಬಸ್ಸು ಬದಲಿಸಬೇಕು, ಅವಳ ಮೊಣಕಾಲು ಕೇಳುವುದಿಲ್ಲ. ಆ ಕಡೆಯಿಂದ ಬರುವವರ ಕೈಯಲ್ಲಿ ಎರಡು ಸಲ, ನನ್ನ ಕೋಳಿ ಹೆಂಗೈತಿ ಎಂದು ಕೇಳಿ ಕಳಿಸಿದ್ದಾಳೆ. ಚಲೋ ಐತಿ, ಕುಕ್ಕಾಕತ್ತೈತಿ ಎಂದು ನಾನೂ ಹೇಳಿ ಕಳಿಸಿದ್ದೇನೆ. ಬಸ್ಸು ನಿಂತ ಸದ್ದಾದರೆ ಈಗಲೂ ಹೊರಗೆ ಬಂದು ನೋಡುತ್ತೇನೆ.

ಇಲ್ಲಿ ಮತ್ತೆ ಮೊದಲಿನ ಹಾಗೇ. ಕೊಡೆ ಕಂಡರೆ ಬಾಗಿಲು ಮುಚ್ಚುತ್ತವೆ, ಮಕ್ಕಳು ಓಡುತ್ತಾರೆ. ರೇಡಿಯೋದವರು ನಮಸ್ಕಾರ ಅನ್ನುವಾಗ ಬಾಯಿ ಬಿಗಿಹಿಡಿದು ಕೂತಿರುತ್ತೇನೆ. ಮೊನ್ನೆ ಮಧ್ಯಾಹ್ನ ಮಗ್ಗುಲ ಮನೆಯ ಸೊಸೆ ಬೇಲಿಯ ಆಚೆ ನಿಂತು, ಬಹಳ ಹೊತ್ತು ನನ್ನ ಕರಿ ಕೋಳಿಯನ್ನು ನೋಡಿ, "ಬಾಯಾರ, ನಾನೂ ನಾಕ ಕೋಳಿ ಸಾಕಬೇಕಂತೀನ್ರಿ. ಯಾವ ಜಾತಿವು ಚಲೋರಿ?" ಎಂದು ಕೇಳಿದಳು. ಇಷ್ಟು ವರ್ಷದ ಅನುಭವ ನನ್ನದು. ಉತ್ತರವನ್ನು ಒಂದು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು.

"ಅದು ಒಂದ ದಿನದಾಗ ಮುಗಿಯೂ ಮಾತಲ್ಲವ್ವಾ. ಒಳಗ ಬಾ, ಕೂಡು" ಅಂದೆ. ಸ್ಟೋವ್ ಹಚ್ಚಿ ಚಹಾಕ್ಕೆ ಇಟ್ಟು, ಮೇಲಿಟ್ಟಿದ್ದ ಕಪ್ಪುಗಳನ್ನು ಇಳಿಸಿ ಧೂಳು ತೊಳೆಯುತ್ತ ಮನಸ್ಸಿನಲ್ಲೇ ಎಣಿಸಿದೆ. ಬಿಳಿ ಕೋಳಿಯಿಂದ ಶುರು ಮಾಡಿ, ಅವಸರ ಮಾಡದೆ ನಡೆಸಿಕೊಂಡು ಹೋದರೆ, ಒಂಬತ್ತು ತಿಂಗಳಿಗೇನೂ ಕೊರತೆಯಿಲ್ಲ.